ಹುಲಗಪ್ಪನ ಎಣಿಕೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಆದರೂ ಡೊಂಬಿವಲಿಯ ಕೀಟನಾಶಕ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ಒಂಬತ್ತು ವರ್ಷದಲ್ಲಿ ಹುಲಗಪ್ಪನ ಮೇಲೆ ಮಾತ್ರ ಒಮ್ಮೆ ಬಿಟ್ಟರೆ ರೇಗಿದವನಲ್ಲ. ರಾಯಚೂರಿನಿಂದ ಮೂಟೆ ಹೊರಲು ಬಂದವನು ತೂಕದ ಕಾಟಾದ ಮುಂದೆ ನಿಂತ. ಅಕ್ಷರ ಬಾರದು, ಅಂಕಿ ಮಾತ್ರ ಗೊತ್ತು. ನನ್ನ ಫಾರ್ಮುಲಾ ಬರೀ ಕಾಗದ. ಅದನ್ನು ಔಷಧಿ ಮಾಡುತ್ತಿದ್ದುದು ಅವನ ಕೈ. ಒಂಬತ್ತು ಕಿಲೋ ಆರುನೂರು ಗ್ರಾಂ ಎಂದರೆ ಅಷ್ಟೇ, ಒಂದು ಹನಿ ಹೆಚ್ಚಿಲ್ಲ.

ಎಣ್ಣೆಯಂಥ ವಿಷ ನೀರಿನಲ್ಲಿ ಬೆರೆಯಬೇಕಾದರೆ ಎರಡು ಬಗೆಯ ಮಂದ ದ್ರವಗಳನ್ನು ಅಳೆದು ಸೇರಿಸಬೇಕು. ಅಳತೆ ಸರಿಯಿದ್ದರೆ ಲೋಟದ ನೀರಿಗೆ ನಾಲ್ಕು ಹನಿ ಬಿಟ್ಟಾಗ ಹಾಲಿನಂತೆ ಬಿಳುಪಾಗಿ ನಿಲ್ಲುತ್ತದೆ. ತಪ್ಪಿದರೆ ಗಂಟೆಯೊಳಗೆ ಒಡೆದು ಎಣ್ಣೆ ಬೇರೆ, ನೀರು ಬೇರೆ.

೧೯೯೫ರ ಜನವರಿಯಲ್ಲಿ ಸಾಲಾಗಿ ಮೂರು ಬ್ಯಾಚ್ ಒಡೆದವು. "ಇನ್ನೊಂದು ಒಡೆದರೆ ನೀವು ಮನೆಗೆ" ಎಂದರು ಮಾಲೀಕ ಸೇಠ್. ಮನೆಯಲ್ಲಿ ಹೆಂಡತಿ ಸುಂದರಿ ತುಂಬು ಬಸುರಿ. ಹುಚ್ಚನಂತೆ ಫಾರ್ಮುಲಾ ತಿದ್ದಿದೆ, ಹೊಡೆದುಹಾಕಿದೆ, ಮತ್ತೆ ತಿದ್ದಿದೆ. ಕಲಿತ ವಿದ್ಯೆಯೇ ಸುಳ್ಳಾಯಿತೆಂದು ಅಳು ಬರುತ್ತಿತ್ತು.

ನಾಲ್ಕನೆಯ ಬ್ಯಾಚಿಗೆ ಹುಲಗಪ್ಪನ ಪಕ್ಕದಲ್ಲೇ ನಿಂತೆ. ಅವನು ಕಾಟಾದ ಮುಳ್ಳನ್ನು ನೋಡುತ್ತಲೇ ಇರಲಿಲ್ಲ. ತುಟಿಯಲ್ಲೇ ಎಣಿಸುತ್ತಿದ್ದ. ನಲವತ್ತೆರಡಕ್ಕೆ ಡ್ರಮ್ಮಿನ ನಲ್ಲಿ ಮುಚ್ಚಿದ. ಒಂಬತ್ತು ಕಿಲೋ ದಾಟಬೇಕಿದ್ದ ಮುಳ್ಳು ಎಂಟೂವರೆಯಲ್ಲೇ ನಿಂತಿತ್ತು.

"ಎಂತ ಮಾರಾಯ ಇದು?" ಎಂದೆ.

ಅವನು ನಲ್ಲಿಯಿಂದ ಕೈ ತೆಗೆದ. "ಮುಳ್ಳು ಕಾಣಂಗಿಲ್ರಿ ಲೋಕನಾಥ ಸಾಹೇಬ್ರ. ನಾಕು ತಿಂಗಳಾತು. ಕಣ್ಣಿನ ನರಾ ಸತ್ತಾವಂತ, ಚಶ್ಮಾಕ್ಕೂ ಬಗ್ಗಂಗಿಲ್ಲಂತ. ಎಣಿಸಿ ಸುರೀತಿದ್ದೆ, ಬರೋಬ್ಬರಿ ಬರ್ತಿತ್ತು."

ಬರುತ್ತಿತ್ತು, ನಿಜ. ಚಳಿ ಬಿದ್ದು ದ್ರವ ಗಟ್ಟಿಯಾಗಿ ಧಾರೆ ಸಣ್ಣಗಾಗಿತ್ತು. ಅವನ ಎಣಿಕೆ ಮಾತ್ರ ಹಿಂದಿನಷ್ಟೇ ಇತ್ತು.

"ಮೂರು ವಾರ ನಾನು ಸಾಯುವುದನ್ನು ನೋಡ್ತಾ ನಿಂತಿದ್ದೆಯಲ್ಲ" ಎಂದು ರೇಗಿದೆ.

"ನಿಮ್ಮ ಲೆಕ್ಕ ತಪ್ಪಿದ್ರ ಇನ್ನೊಂದು ಲೆಕ್ಕ ಬರೀತೀರಿ. ನನ್ನ ಕಣ್ಣು ಹೋದ್ರ ಯಾರು ಕರೀತಾರ್ರಿ? ಹೊಟ್ಟೀ ಮ್ಯಾಲ ಹೊಡೀಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹಿಂದಿನ ಮೂರು ಬ್ಯಾಚ್ ಒಡೆದದ್ದಕ್ಕೆ ಸೇಠ್ ಲಿಖಿತ ಕಾರಣ ಕೇಳಿದ್ದರು. ನನ್ನ ತಪ್ಪೆಂದು ಬರೆದರೆ ನಾನು ಬೀದಿಗೆ, ಅವನ ತಪ್ಪೆಂದರೆ ಅವನು. ಎರಡು ದಿನ ಒದ್ದಾಡಿದೆ. ಕೊನೆಗೆ ಹೆದರಿಕೆಯೇ ಗೆದ್ದಿತು. "ತೂಗುವವನಿಗೆ ಕಣ್ಣು ಕಾಣದೆ ಅಳತೆ ತಪ್ಪಿದೆ" ಎಂದು ಬರೆದೆ. ಒಪ್ಪಿಗೆಗೆ ಅವನ ಹೆಬ್ಬೆಟ್ಟು ಬೇಕೆಂದರು.

ಓದಿ ಹೇಳಿದೆ. ಹುಲಗಪ್ಪ ಮಸಿ ಹಚ್ಚಿದ ಹೆಬ್ಬೆರಳನ್ನು ಕಾಗದದ ಮೇಲೆ ಹಿಡಿದು ತಡಕಾಡಿದ. ಎಲ್ಲಿ ಒತ್ತಬೇಕೆಂದು ಅವನಿಗೆ ಕಾಣಲಿಲ್ಲ. ನಾನೇ ಅವನ ಕೈ ಹಿಡಿದು ಒತ್ತಿಸಿದೆ.