ಮಾಟಗಾತಿಯ ಪಾತ್ರ

ಪ್ರಫುಲ್ಲಾ ಸ್ವೀಡನ್ನಿಗೆ ಬಂದಾಗ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಫ್ಲೆಮಿಂಗ್ಸ್‌ಬೆರ್ಯ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ರಕ್ತದ ಕಾಯಿಲೆಗಳ ಮೇಲೆ ಸಂಶೋಧನೆ. ಲ್ಯಾಬಿನವರು ಒಳ್ಳೆಯವರೇ. ಫೀಕಾ ಎನ್ನುವ ಕಾಫಿ ಬಿಡುವಿನ ಹೊತ್ತಿಗೆ ಜೊತೆಗೆ ಕೂರಿಸಿಕೊಳ್ಳುತ್ತಿದ್ದರು, ಸಂಜೆಯಾದರೆ ತಮ್ಮ ತಮ್ಮ ಮನೆ ಸೇರುತ್ತಿದ್ದರು. ಆಮೇಲೆ ಬೆಳಗಾಗುವವರೆಗೆ ಅವಳಿಗೆ ಬಾಯಿ ತೆರೆಯುವ ಕಾರಣವೇ ಇರುತ್ತಿರಲಿಲ್ಲ.

ಕೆಳಗಿನ ಮಹಡಿಯಲ್ಲಿ ಬೆಂಗಳೂರಿನ ಸುಧೀರ್, ಊರ್ಮಿಳಾ ಇದ್ದರು. ಅವರ ಐದು ವರ್ಷದ ಮಗಳು ಇಂಚರಾ. ಊರ್ಮಿಳಾ ಮತ್ತೆ ಬಸುರಿಯಾಗಿ ಸುಸ್ತಾಗುತ್ತಿದ್ದಾಗ ಪ್ರಫುಲ್ಲಾ ತಾನಾಗಿಯೇ, "ಶನಿವಾರ ಮಗೂನ ನನ್ನ ಹತ್ರ ಬಿಡಿ" ಎಂದಳು. ವಾರವಿಡೀ ಅವಳು ಕಾಯುತ್ತಿದ್ದದ್ದು ಆ ಶನಿವಾರಕ್ಕೇ.

೨೦೦೭ರ ಬೇಸಿಗೆಯಲ್ಲಿ ಲ್ಯಾಬಿನ ಗುನ್‌ವೋರ್ ಅವಳನ್ನು ತನ್ನ ಹವ್ಯಾಸಿ ನಾಟಕ ತಂಡಕ್ಕೆ ಎಳೆದಳು. ಮುನ್ನೂರು ವರ್ಷಗಳ ಹಿಂದೆ ಆ ದೇಶದಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಹಿಡಿದು ಕೊಂದ ಕಾಲದ ಕಥೆ. "ಈಕೆ ರಾತ್ರಿ ನಮ್ಮನ್ನು ಬ್ಲೋಕುಲ್ಲಾಕ್ಕೆ, ಸೈತಾನನ ಔತಣಕ್ಕೆ, ಹಾರಿಸಿಕೊಂಡು ಹೋದಳು" ಎಂದು ಮಕ್ಕಳು ಸಾಕ್ಷಿ ಹೇಳುತ್ತಿದ್ದರಂತೆ. ಪಾದ್ರಿಗಳು ನಂಬುತ್ತಿದ್ದರಂತೆ. ಆರೋಪ ಹೊತ್ತ ವಿಧವೆಯ ಪಾತ್ರ ಪ್ರಫುಲ್ಲಾಳಿಗೆ ಬಂತು. ಮಾತು ಕಡಿಮೆ, ನಿಲ್ಲುವುದು ಜಾಸ್ತಿ. ಅವಳ ತೊದಲು ಸ್ವೀಡಿಷ್‌ಗೆ ಅದೇ ಸರಿಹೋಯಿತು. ಶನಿವಾರದ ರಿಹರ್ಸಲ್‌ಗೆ ಇಂಚರಾಳೂ ಬರುತ್ತಿದ್ದಳು. ಮೂಲೆಯಲ್ಲಿ ಕೂತು ಬನ್ನು ತಿನ್ನುತ್ತಾ ಎಲ್ಲ ನೋಡುತ್ತಿದ್ದಳು.

ಬಸುರಿ ಸೊಸೆಯ ಆರೈಕೆಗೆಂದು ಸುಧೀರನ ತಾಯಿ ರಾಜಲಕ್ಷ್ಮಿ ಬಂದಿಳಿದರು. ಅವರು ಬಂದ ಕೆಲವೇ ದಿನಕ್ಕೆ ಊರ್ಮಿಳಾಗೆ ಗರ್ಭಪಾತವಾಯಿತು. ಮನೆಯೆಲ್ಲ ಅಳುತ್ತಿದ್ದಾಗ ಇಂಚರಾ ಅಜ್ಜಿಯ ತೊಡೆಯ ಮೇಲೆ ಕೂತು, "ಪ್ರಫುಲ್ಲಾ ಆಂಟಿ ಹೆಕ್ಸಾ, ಅಜ್ಜಿ. ನನ್ನನ್ನ ಬ್ಲೋಕುಲ್ಲಾಕ್ಕೆ ಕರ್ಕೊಂಡು ಹೋಗಿದ್ರು. ಹಾರ್ಕೊಂಡು" ಎಂದಳು.

"ಹೆಕ್ಸಾ ಅಂದ್ರೇನೋ?" ರಾಜಲಕ್ಷ್ಮಿ ಮಗನನ್ನು ಕೇಳಿದರು.

"ಮಾಟಗಾತಿ ಅಂತ" ಎಂದು ಸುಧೀರ್ ಯೋಚಿಸದೆ ಅರ್ಥ ಹೇಳಿದ.

ಗಣೇಶ ಹಬ್ಬಕ್ಕೆ ಕನ್ನಡದವರೆಲ್ಲ ಬಾಡಿಗೆ ಹಾಲಿನಲ್ಲಿ ಸೇರಿದ್ದರು. ಪ್ರಫುಲ್ಲಾ ಕಡುಬು ಮಾಡಿಕೊಂಡು ಹೋಗಿದ್ದಳು. ಅರಿಶಿನ ಕುಂಕುಮದ ತಟ್ಟೆಗೆ ಕೈ ಚಾಚಿದಾಗ ರಾಜಲಕ್ಷ್ಮಿ ಅದನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಅಮ್ಮಾ, ಅದು ನಾಟಕ" ಎಂದಳು ಪ್ರಫುಲ್ಲಾ. ಇಂಚರಾ ಹೇಳಿದ ಮಾತು ಅವಳ ಕಿವಿಗೂ ಬಿದ್ದಿತ್ತು.

"ನಾಟಕಾನೋ ಏನೋ, ನನಗೆ ಗೊತ್ತಿಲ್ಲ ತಾಯಿ. ನನ್ನ ಸೊಸೆ ಹೊಟ್ಟೆ ಬರಿದಾಗಿದ್ದು ನಾಟಕ ಅಲ್ವಲ್ಲ."

ಸುತ್ತಲಿದ್ದವರು ಎಂಜಿನಿಯರುಗಳು, ಪಿಎಚ್‌ಡಿ ಮಾಡುವವರು. ಒಬ್ಬಾಕೆ ತನ್ನ ಮಗುವನ್ನು ಎತ್ತಿಕೊಂಡು ಆಚೆ ಹೋದಳು. ಕಡುಬಿನ ಡಬ್ಬಿಯನ್ನು ಕೊನೆಯವರೆಗೂ ಯಾರೂ ತೆರೆಯಲಿಲ್ಲ.

ಮರುದಿನ ಸುಧೀರ್ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ಸಾರಿ ಅಕ್ಕ. ಅಮ್ಮ ವಾಪಸ್ ಹೋಗೋವರೆಗೂ ಇಂಚರಾನ ಕಳಿಸೋದು ಬೇಡ ಅಂತ..."

"ನೀವು ನಂಬ್ತೀರಾ ಸುಧೀರ್?"

"ಛೆ, ಇಲ್ಲ." ಮೆಟ್ಟಿಲ ಕಡೆಗೆ ತಿರುಗಿದ. "ಊರ್ಮಿಳಾ ತುಂಬ ಹೆದರಿದಾಳೆ, ಅಕ್ಕ. ಈಗ ರಿಸ್ಕ್ ಯಾಕೆ ಅಂತ ಅಷ್ಟೆ."

ಬಾಗಿಲು ಹಾಕಿದ ಮೇಲೆ ಪ್ರಫುಲ್ಲಾ ಅಲ್ಲೇ ನಿಂತಿದ್ದಳು. ಮಗುವಿನ ಮೇಲೆ ಕೋಪ ಬರಲಿಲ್ಲ. ಆ 'ರಿಸ್ಕ್' ಅನ್ನುವ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ನಾಟಕ ಬಿಡಬೇಕೆಂದು ಅನ್ನಿಸಿತು. ಆದರೆ ಶನಿವಾರಗಳಿಗೆ ಬೇರೇನೂ ಉಳಿದಿರಲಿಲ್ಲ. ಹೋದಳು.

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಅವಳಿಗೆ ಗುರುತಿನ ಒಂದು ಮುಖವೂ ಇರಲಿಲ್ಲ. ವಿಚಾರಣೆಯ ದೃಶ್ಯದಲ್ಲಿ ಸಾಕ್ಷಿ ಹೇಳಬೇಕಿದ್ದ ಪುಟ್ಟ ಹುಡುಗಿ ಟೂವಾ ಬೆರಳು ತೋರಿಸಿ, ಬಾಯಿ ತೆರೆದು, ಮಾತು ಮರೆತಳು. ಪಾದ್ರಿಯ ವೇಷದವನು ಮತ್ತೊಮ್ಮೆ ಕೇಳಿದ. ಹುಡುಗಿಯ ಗಲ್ಲ ನಡುಗತೊಡಗಿತು. ಇನ್ನೇನು ಅತ್ತೇಬಿಡುತ್ತಾಳೆ.

ತಲೆ ತಗ್ಗಿಸಿ ನಿಂತಿರಬೇಕಾದ ಪ್ರಫುಲ್ಲಾ ಮುಖ ಎತ್ತಿದಳು. ಮಗುವಿಗೆ ಮಾತ್ರ ಕೇಳುವ ಹಾಗೆ, ತುಟಿ ಅಲುಗಿಸದೆ, ಅವಳ ಮಾತನ್ನು ನೆನಪಿಸಿದಳು: "ಇವಳೇ. ಇವಳೇ ನನ್ನನ್ನು ಕರೆದುಕೊಂಡು ಹೋದದ್ದು."

"ಇವಳೇ!" ಟೂವಾ ಕೂಗಿದಳು. "ಇವಳೇ ನನ್ನನ್ನು ಕರೆದುಕೊಂಡು ಹೋದದ್ದು!"

ಪ್ರಫುಲ್ಲಾಳ ಕಣ್ಣಿಂದ ನೀರು ಇಳಿಯಿತು. ನಟನೆ ಅದ್ಭುತವಾಗಿತ್ತೆಂದು ಆಮೇಲೆ ಎಲ್ಲರೂ ಕೈ ಕುಲುಕಿದರು. ಟೂವಾ ಓಡಿ ಬಂದು ಅವಳ ಸೊಂಟ ತಬ್ಬಿಕೊಂಡಳು. ತನ್ನ ಅಮ್ಮ ಕರೆದಾಗ ಬಿಟ್ಟು ಹೋದಳು.

ರಾಜಲಕ್ಷ್ಮಿ ಚಳಿ ತಡೆಯಲಾರದೆ ಊರಿಗೆ ಹೊರಟುಹೋದರು. ಆದರೂ ಶನಿವಾರ ಯಾರೂ ಬಾಗಿಲು ತಟ್ಟಲಿಲ್ಲ. ಸುಧೀರನಿಗೆ ದೂರದ ಮಾಲ್ಮೋ ನಗರದಲ್ಲಿ ಕೆಲಸ ಸಿಕ್ಕಿತು. ಹೊರಡುವ ಮುಂಚೆ ಊರ್ಮಿಳಾ ಒಬ್ಬಳೇ ಮೇಲೆ ಬಂದಳು.

"ನನಗೆ ಆವಾಗ ಯಾರ ಮೇಲಾದ್ರೂ ತಪ್ಪು ಹೊರಿಸಬೇಕಿತ್ತು, ಅಕ್ಕ" ಎಂದಳು.

ಪ್ರಫುಲ್ಲಾ ಅವಳನ್ನು ಒಳಗೆ ಕರೆದು ಕಾಫಿ ಕೊಟ್ಟಳು. ಕೆಳಗೆ ಸಾಮಾನಿನ ಗಾಡಿ ಬಂದಾಗ ಊರ್ಮಿಳಾ ಎದ್ದಳು. ಕಿಟಕಿಯಿಂದ ನೋಡಿದರೆ ಇಂಚರಾ ಹಿಮದಲ್ಲಿ ಜಾರುತ್ತಾ, ಅಪ್ಪನಿಗೆ ಸ್ವೀಡಿಷ್‌ನಲ್ಲಿ ಏನೋ ಹೇಳಿ ನಗುತ್ತಿದ್ದಳು. ಮೇಲೆ ನೋಡಲಿಲ್ಲ.