ಹುಲ್ಲುಗಾವಲಿನ ಫಾರಂನಲ್ಲಿ ತಾತನಿಗೆ ಜಾಗವಿರಲಿಲ್ಲ

ಗೆಳೆಯರೇ, ನಾನೇ ಮಾಡಿಕೊಟ್ಟ ಆನ್‌ಲೈನ್ ಫಾರಂ ಇವತ್ತು ಮೊಳಕಾಲ್ಮೂರಿನ ನನ್ನ ಕಂಪ್ಯೂಟರ್ ಅಂಗಡಿಯಲ್ಲೇ ಜಗಳ ಹಚ್ಚಿತು. ಐದನೇ ತರಗತಿಯ ಮಕ್ಕಳು ಮರುಭೂಮಿ, ಮಳೆಕಾಡು, ಹುಲ್ಲುಗಾವಲುಗಳ ಬಗ್ಗೆ ಆನ್‌ಲೈನಿನಲ್ಲಿ ಹುಡುಕಿ ಬರೆಯುವ ಪ್ರಾಜೆಕ್ಟ್ ಅದು. ಉತ್ತರ ಕಳಿಸುವ ಫಾರಂ ಅನ್ನು ಅವರ ಟೀಚರ್ ಹೇಳಿದಂತೆ ಸಿದ್ಧಪಡಿಸಿದ್ದೆ. 'ಮಾಹಿತಿ ಎಲ್ಲಿಂದ?' ಎಂಬಲ್ಲಿ ವೆಬ್‌ಸೈಟಿನ ಲಿಂಕ್ ಹಾಕದಿದ್ದರೆ ಮುಂದಕ್ಕೆ ಹೋಗುವುದಿಲ್ಲ.

ಪಕ್ಕದ ಸಿದ್ದಾಪುರದ ಹುಡುಗಿಯೊಬ್ಬಳು ಅಲ್ಲಿ 'ನಮ್ಮ ತಾತ' ಎಂದು ಬರೆದಳು. ಫಾರಂ ಒಪ್ಪಲಿಲ್ಲ. ಸಂಜೆ ಐದಕ್ಕೆ ಗಡುವು, ಆಮೇಲೆ ಸೊನ್ನೆ ಅಂಕ. ನಾಲ್ಕೂವರೆಗೆ ಕುರಿ ಕಾಯುವ ಆ ತಾತ ಮೊಮ್ಮಗಳ ಜೊತೆ ಬಂದರು. ಟೀಚರ್ ಅಂಗಡಿಯಲ್ಲೇ ಇದ್ದರು.

"ಬ್ಯಾಸಿಗೇಲಿ ಹುಲ್ಲು ಒಣಗಿದ್ರೂ ಬೇರು ಸಾಯಲ್ಲ ಅಂತ ನಾನೇ ಹೇಳಿದ್ದು. ಸುಳ್ಳೇನ್ರಿ ಅದು?"

"ಸುಳ್ಳು ಅಂದಿಲ್ಲ ಅಜ್ಜಾ. ಲಿಂಕ್ ಆದ್ರೆ ಒತ್ತಿ ನೋಡ್ತೀನಿ. ನಿಮ್ಮನ್ನ ಹೆಂಗೆ ಚೆಕ್ ಮಾಡ್ಲಿ?"

"ಆ ಲಿಂಕಲ್ಲಿ ಬರೆದೋನು ನಮ್ಮ ಹುಲ್ಲಿನ ಕಾವಲಿಗೆ ಬಂದಿದ್ನಾ?"

ಹುಡುಗಿ ಗಡಿಯಾರವನ್ನೇ ನೋಡುತ್ತಿದ್ದಳು. ಉಳಿದ ಮಕ್ಕಳ ಉತ್ತರಗಳನ್ನು ನಾನು ಪರದೆಯ ಮೇಲೆ ತೆರೆದೆ. ಹುಲ್ಲುಗಾವಲು ಅಂದರೆ ಎಲ್ಲರದ್ದೂ ಆಫ್ರಿಕಾದ ಸಿಂಹ, ಅದೇ ಲಿಂಕ್, ಅದೇ ಅಕ್ಷರತಪ್ಪು.

ಟೀಚರ್ ನಾಲ್ಕೈದು ಉತ್ತರ ಓದಿ ನನ್ನತ್ತ ತಿರುಗಿದರು. "ಲಿಂಕ್ ಕಡ್ಡಾಯ ಅನ್ನೋದು ತೆಗೀರಿ. ಆದ್ರೆ ನಾನು ಪರಿಶೀಲಿಸಲೇಬೇಕು."

"ನಾಳೆ ಬೆಳಿಗ್ಗೆ ಆರಕ್ಕೆ ಕಾವಲಿಗೆ ಬರ್ರಿ, ಬೇರು ಅಗೆದು ತೋರಿಸ್ತೀನಿ" ಎಂದರು ತಾತ.

ನಾನು ಆ ಕಡ್ಡಾಯ ತೆಗೆದೆ. ಐದಕ್ಕೆ ಎಂಟು ನಿಮಿಷ ಇರುವಾಗ ಹುಡುಗಿ ಕಳಿಸುವ ಗುಂಡಿ ಒತ್ತಿದಳು. ಈ ಸಲ ಹೋಯಿತು.

ಲಿಂಕ್ ಆಗಿದ್ದರೆ ಪರಿಶೀಲನೆ ಕುರ್ಚಿಯಲ್ಲೇ ಮುಗಿಯುತ್ತಿತ್ತು. ಈಗ ಟೀಚರ್ ಜೊತೆ ನಾನೂ ಹೋಗಬೇಕಂತೆ. ಗುದ್ದಲಿಯನ್ನೂ ನಾನೇ ತರಬೇಕಂತೆ.