ಒಂದೇ ಸಲಕ್ಕೆ ನಿಂತ ಜೀಪು

ನಾಗಪತಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಎದುರಿಗೇ ನಿಂತು ಹೇಳಿದವರು ಒಬ್ಬರೇ, ಆ ಆರ್‌ಟಿಓ ಸಾಹೇಬರು. ಅವನ ಸಿಟ್ಟು ಇನ್ನೂ ಆರಿಲ್ಲ. ಅರಬೈಲ್ ಘಾಟಿಯಲ್ಲಿ ಹತ್ತು ವರ್ಷ ಬಾಡಿಗೆ ಜೀಪು ಹತ್ತಿಸಿ ಇಳಿಸಿದವನಿಗೆ ಹೇಳುವ ಮಾತೇ ಅದು?

ತೊಂಬತ್ತೇಳರ ಸುಮಾರಿಗೆ ಅಪಘಾತಗಳು ಹೆಚ್ಚಾಗಿ, ಪೊಲೀಸರು ಬಾಡಿಗೆ ಗಾಡಿಗಳನ್ನು ನಿಲ್ಲಿಸಿ ಲೈಸೆನ್ಸ್ ಕೇಳತೊಡಗಿದರು. ನಾಗಪತಿಯ ಹತ್ತಿರ ಇದ್ದದ್ದು ಟ್ರ್ಯಾಕ್ಟರಿನದು. ಅದು ಜೀಪಿಗೆ ನಡೆಯುವುದಿಲ್ಲವಂತೆ. ಅದಕ್ಕೂ ನಾಲ್ಕು ಚಕ್ರ, ಇದಕ್ಕೂ ನಾಲ್ಕು ಚಕ್ರ, ಮತ್ತೇನು ಬೇರೆ ಎಂದು ಅವನಿಗೆ ತಿಳಿಯಲಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ.

ತಿಂಗಳಿಗೊಮ್ಮೆ ಸಾಹೇಬರು ಯಲ್ಲಾಪುರಕ್ಕೆ ಬಂದು ಪರೀಕ್ಷೆ ಮಾಡುತ್ತಿದ್ದರು. ನಾಗಪತಿ ಹೋದ ದಿನ ಡ್ರೈವಿಂಗ್ ಸ್ಕೂಲಿನ ಹೊಸ ಕಾರು ಕೊಟ್ಟು ಪಕ್ಕದಲ್ಲಿ ಕೂತರು. "ನಿಲ್ಸು" ಅಂದರು. ನಾಗಪತಿಯ ಜೀಪಿನ ಬ್ರೇಕು ಮೂರು ಸಲ ಒತ್ತಿದರೆ ಮಾತ್ರ ಹಿಡಿಯುವಂಥದು. ಕಾಲು ತನ್ನ ರೂಢಿಯಂತೆ ದಬದಬ ತುಳಿಯಿತು. ಸಾಹೇಬರ ಹಣೆ ಹೋಗಿ ಗಾಜಿಗೆ ಬಡಿಯಿತು.

"ನಿಂಗೆ ಓಡ್ಸೋಕೆ ಬರಲ್ಲಪ್ಪ," ಎಂದರು ಹಣೆ ಉಜ್ಜುತ್ತ. "ಕೆಟ್ಟ ಗಾಡಿಯಲ್ಲಿ ಕಲ್ತಿದೀಯ. ಮುಂದಿನ ತಿಂಗಳು ನಿನ್ನ ಜೀಪೇ ತಗೊಂಡು ಬಾ. ಒಂದೇ ಸಲಕ್ಕೆ ನಿಲ್ಬೇಕು."

ಮನೆಯಲ್ಲಿ ಹೆಂಡತಿ ಪರಿಮಳಾ, "ಲೈಸೆನ್ಸ್ ಸಿಕ್ಚಾ?" ಎಂದಳು.

"ಎಂಗೆ ಓಡ್ಸಲೆ ಬತ್ತಿಲ್ಲೆ ಅಡ," ಎಂದು ಸಾಹೇಬರ ಮಾತನ್ನೇ ಒಪ್ಪಿಸಿದ ನಾಗಪತಿ.

ಸಾಹೇಬರ ಬಾಯಿ ಮುಚ್ಚಿಸಬೇಕೆಂಬ ಹಟಕ್ಕೇ ಮೆಕ್ಯಾನಿಕ್ ಅಬ್ದುಲ್ ಗಫೂರನಲ್ಲಿ ಬ್ರೇಕು ರಿಪೇರಿ ಮಾಡಿಸಿದ. ಅಲ್ಲಿಂದ ತನ್ನ ಜೀಪೇ ತನಗೆ ಅಪರಿಚಿತವಾಯಿತು. ಮುಟ್ಟಿದರೆ ಸಾಕು, ನಿಲ್ಲುತ್ತಿತ್ತು. ಹಿಂದೆ ಕೂತವರು ಮುಂದಿನವರ ಬೆನ್ನ ಮೇಲೆ ಬೀಳುತ್ತಿದ್ದರು.

"ಎಂತ ಮಾಡಿಟ್ಯೋ ಮಾರಾಯ," ಎಂದು ಗಫೂರನ ಮೇಲೆ ಹರಿಹಾಯ್ದ.

"ಬ್ರೇಕ್ ಹಿಡೀತದೆ ನಾಗಪತಣ್ಣ. ಅದರ ಕೆಲಸ ಅದೇ ಅಲ್ವಾ?"

ಅದೇ ವಾರ ಕಿರವತ್ತಿಯಲ್ಲಿ, ನಿಂತ ಬಸ್ಸಿನ ಮುಂದಿನಿಂದ ಬುಟ್ಟಿ ಹೊತ್ತ ದೇವಕ್ಕ ಎಂಬ ಮುದುಕಿ ರಸ್ತೆಗೆ ಬಂದುಬಿಟ್ಟಳು. ನಾಗಪತಿ ತುಳಿದದ್ದು ಒಂದೇ ಸಲ. ಎರಡನೆಯ ಸಲ ತುಳಿಯಲು ಜಾಗವೇ ಇರಲಿಲ್ಲ. ಜೀಪು ಅವಳ ಸೀರೆಗೆ ತಾಗಿ ನಿಂತಿತು.

"ಏನಪಾ, ಕಣ್ಣು ಮನ್ಯಾಗ ಬಿಟ್ಟ ಬಂದೀಯೇನ?" ಎಂದು ಬೈದು ಅವಳು ನಡೆದಳು. ಬೈಗುಳಕ್ಕೆ ತಿರುಗಿ ಬೈಯದೆ ಅವನು ಕೂತದ್ದು ಅದೇ ಮೊದಲು.

ಮುಂದಿನ ತಿಂಗಳು ಜೀಪು ತೆಗೆದುಕೊಂಡು ಹೋದರೆ ಅಲ್ಲಿ ಬೇರೆ ಸಾಹೇಬರು. ಹಳಬರಿಗೆ ವರ್ಗವಾಗಿತ್ತು. ಹೊಸಬರು ಒಂದು ಸುತ್ತು ಹಾಕಿಸಿ ಪಾಸು ಮಾಡಿದರು. ನಾಗಪತಿಗೆ ಸಂತೋಷವಾಗಲಿಲ್ಲ. ಯಾರಿಗೆ ತೋರಿಸಬೇಕೆಂದು ಬಂದಿದ್ದನೋ ಅವರೇ ಇರಲಿಲ್ಲ.

"ಆ ಹಳೇ ಸಾಹೇಬ್ರಿಗೆ ಒಂದು ಕಾರ್ಡಾದ್ರೂ ಬರೀರಿ," ಎಂದು ಪರಿಮಳಾ ಎಷ್ಟೋ ಸಲ ಹೇಳಿದಳು.

"ಎಂತ ಹೇಳಿ ಬರೆಯವು?" ಎನ್ನುತ್ತಿದ್ದ ನಾಗಪತಿ.

ಓಡಿಸಲು ಬರುವುದಿಲ್ಲ ಎಂದದ್ದಕ್ಕೆ ಬೈದು ಬರೆಯಬೇಕೋ, ದೇವಕ್ಕ ಬದುಕಿದ್ದಾಳೆ ಎಂದು ಬರೆಯಬೇಕೋ ಅವನಿಗೆ ಗೊತ್ತಾಗಲಿಲ್ಲ. ಜೀಪು ಮಾರಿ ಎಷ್ಟೋ ವರ್ಷವಾಯಿತು. ಆ ಕಾರ್ಡು ಹೋಗಲೇ ಇಲ್ಲ.